ಹಲವರು ಬಳಸುವ ಸರ್ವರ್‌ನಲ್ಲಿ ಆಲ್ಪೈನ್, ಮಟ್, ಟಿನ್: ಯಾವುದನ್ನು ಕಲಿಯಬೇಕು, ನಮ್ಮ ಪತ್ರಗಳು ಎಲ್ಲಿ ಇರುತ್ತವೆ?

ದಾವಣಗೆರೆಯ ನಿಮ್ಮ ವಿಭಾಗದಲ್ಲಿ ಒಂದೇ ಲಿನಕ್ಸ್ ಸರ್ವರ್ ಇದೆ, ನಲವತ್ತು ಮಂದಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗೂಢಲಿಪಿಯ ದಾರಿಯಲ್ಲಿ ಸೇರಿಸುವ ಪ್ರೋಗ್ರಾಮು) ಮೂಲಕ ಅದಕ್ಕೆ ಲಾಗಿನ್ ಆಗುತ್ತೀರಿ, ಇಮೇಲ್ ಅಲ್ಲಿಗೇ ಬರುತ್ತದೆ, ಓದುವುದಕ್ಕೆ ಕಪ್ಪು ಪರದೆಯ ಮೇಲೆ ಅಕ್ಷರಗಳನ್ನಷ್ಟೇ ತೋರಿಸುವ ಆಲ್ಪೈನ್, ಮಟ್, ಟಿನ್ ಎಂಬ ಪ್ರೋಗ್ರಾಮುಗಳ ಹೊರತು ಬೇರೇನೂ ಇಲ್ಲ ಎಂದು ಬರೆದಿದ್ದೀರಿ. ಇವುಗಳಲ್ಲಿ ಯಾವುದನ್ನು ಕಲಿಯಬೇಕು, ಪಕ್ಕದವರು ನಿಮ್ಮ ಪತ್ರಗಳನ್ನು ಓದಬಹುದೇ, ವಿಷಯವಾರು ಸಾರ್ವಜನಿಕ ಚರ್ಚೆ ನಡೆಯುವ ನ್ಯೂಸ್‌ಗ್ರೂಪ್ ಎಂಬುದು ಇನ್ನೂ ಬದುಕಿದೆಯೇ ಎಂಬುದು ನಿಮ್ಮ ಪ್ರಶ್ನೆ. ತೊಂಬತ್ತರ ದಶಕದ ಕೊನೆಯಲ್ಲಿ ಇದೇ ಊರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವನು ನಾನು. ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿ ದರ ಕಾಲು ಭಾಗಕ್ಕೆ ಇಳಿದಾಗ ನಮ್ಮ ಯಂತ್ರ ಮೋಡೆಮ್ ಮೂಲಕ ಬೆಂಗಳೂರಿಗೆ ಕರೆ ಹಚ್ಚಿ ಅಂದಿನ ಪತ್ರಗಳನ್ನು ತಂದು ಹಾಕುತ್ತಿತ್ತು. ಬೆಳಿಗ್ಗೆ ಹನ್ನೆರಡು ಟರ್ಮಿನಲ್‌ಗಳ ಮುಂದೆ ಅರವತ್ತು ಮಂದಿ ಸರದಿಯಲ್ಲಿ ನಿಂತಿರುತ್ತಿದ್ದರು. ಆ ಅನುಭವದಿಂದ ಹೇಳುವುದಾದರೆ, ಯಾವ ಪ್ರೋಗ್ರಾಮು ಎಂಬುದು ಎರಡು ದಿನದಲ್ಲಿ ಬಗೆಹರಿಯುವ ಮಾತು. ನಿಮ್ಮ ಪತ್ರ ಆ ಯಂತ್ರದ ಯಾವ ಮೂಲೆಯಲ್ಲಿ, ಯಾರ ಕೈಗೆಟಕುವಂತೆ ಬಿದ್ದಿದೆ ಎಂಬುದನ್ನು ಮಾತ್ರ ಮೊದಲ ದಿನವೇ ತಿಳಿದುಕೊಂಡಿರಬೇಕು.

ಪ್ರೋಗ್ರಾಮಿನ ವಿಚಾರವನ್ನು ಮೊದಲು ಮುಗಿಸುತ್ತೇನೆ. ಆಲ್ಪೈನ್ ಮತ್ತು ಮಟ್ ಇರುವುದು ಇಮೇಲ್‌ಗೆ, ಟಿನ್ ಇರುವುದು ನ್ಯೂಸ್‌ಗ್ರೂಪ್ ಓದಲು, ಅದರ ಮಾತು ಕೊನೆಗೆ. ನೀವು ಹೊಸಬರಾದ್ದರಿಂದ ಆಲ್ಪೈನ್‌ನಿಂದ ಆರಂಭಿಸಿ. ಇದರ ಹಿಂದಿನ ರೂಪವಾದ ಪೈನ್ ಅನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1989ರಲ್ಲಿ ಬರೆಯಲು ತೊಡಗಿದ್ದು ಕಂಪ್ಯೂಟರ್ ಪರಿಣತರಿಗಾಗಿ ಅಲ್ಲ, ಕಚೇರಿಯ ಸಾಮಾನ್ಯ ಸಿಬ್ಬಂದಿಗಾಗಿ. ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಆ ಕ್ಷಣಕ್ಕೆ ಯಾವ ಕೀಲಿ ಏನು ಮಾಡುತ್ತದೆ ಎಂದು ಸದಾ ಬರೆದಿರುವುದಕ್ಕೆ ಅದೇ ಕಾರಣ. ಸಿ ಒತ್ತಿದರೆ ಹೊಸ ಪತ್ರ, ಐ ಒತ್ತಿದರೆ ಬಂದ ಪತ್ರಗಳ ಪಟ್ಟಿ, ಕಂಟ್ರೋಲ್ ಎಕ್ಸ್ ಒತ್ತಿದರೆ ರವಾನೆ, ಕಂಟ್ರೋಲ್ ಓ ಒತ್ತಿದರೆ ಅರ್ಧ ಬರೆದ ಪತ್ರ ಬದಿಗಿಟ್ಟು ಮುಂದೆ ಬರೆಯಲು ಕಾದಿರುತ್ತದೆ. ಮಟ್ 1995ರಿಂದ ಇದೆ. ಅದು ಚುರುಕು, ಒಂದೇ ವಿಷಯದ ಪತ್ರಗಳನ್ನು ಬಳ್ಳಿಯ ಹಾಗೆ ಜೋಡಿಸಿ ತೋರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ತನ್ನ ಸೆಟ್ಟಿಂಗ್ ಕಡತವನ್ನು ನೀವೇ ಕೂತು ಬರೆಯಬೇಕೆಂದು ಅಪೇಕ್ಷಿಸುತ್ತದೆ. ದಿನಕ್ಕೆ ನೂರಕ್ಕಿಂತ ಹೆಚ್ಚು ಪತ್ರ ಬರತೊಡಗಿದ ಮೇಲೆ ಮಟ್‌ಗೆ ಹೋಗಿ, ಅಲ್ಲಿಯವರೆಗೆ ಅವಸರವಿಲ್ಲ.

ಈಗ ಪತ್ರಗಳು ಇರುವ ಜಾಗ. ಇಂಥ ಸರ್ವರ್ ನಮ್ಮ ಹಳೆಯ ವಠಾರದ ಹಾಗೆ: ಬಾಗಿಲು ಬೇರೆ ಬೇರೆ, ನಲ್ಲಿ ಒಂದೇ. ನಿಮಗೆ ಬರುವ ಹೊಸ ಪತ್ರಗಳೆಲ್ಲ, ನಿರ್ವಾಹಕರು ವ್ಯವಸ್ಥೆಯನ್ನು ಬದಲಾಯಿಸಿರದಿದ್ದರೆ, ಮೊದಲು ವಾರ್ ಎಂಬ ಡೈರೆಕ್ಟರಿಯೊಳಗಿನ ಮೇಲ್ ಎಂಬ ಜಾಗದಲ್ಲಿ ನಿಮ್ಮ ಲಾಗಿನ್ ಹೆಸರಿನದೇ ಒಂದು ಕಡತಕ್ಕೆ ಬಂದು ಸೇರುತ್ತವೆ. ಅದು ಪೆಟ್ಟಿಗೆಯಲ್ಲ, ಒಂದೇ ಒಂದು ಉದ್ದನೆಯ ಪಠ್ಯ ಕಡತ. ಒಂದು ಪತ್ರ ಮುಗಿದ ಕಡೆ ಇನ್ನೊಂದು ಅಂಟಿಕೊಂಡಿರುತ್ತದೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗುರುತಿಸಲು ಇರುವ ಆಧಾರವೆಂದರೆ ಸಾಲಿನ ಆರಂಭದಲ್ಲಿ ಬರುವ ಇಂಗ್ಲಿಷಿನ ‘ಫ್ರಮ್’ ಎಂಬ ಪದ ಮತ್ತು ಅದರ ಮುಂದಿನ ಖಾಲಿ ಜಾಗ. ಒಮ್ಮೆ ನಾನು ಬಸ್ಸಿನ ವೇಳೆ ತಿಳಿಸಲು ಇಂಗ್ಲಿಷಿನಲ್ಲಿ ‘ಫ್ರಮ್ ದಾವಣಗೆರೆ’ ಎಂದು ಹೊಸ ಸಾಲನ್ನು ಆರಂಭಿಸಿ ಬರೆದಿದ್ದೆ. ಪತ್ರ ತಲುಪಿದಾಗ ಆ ಪದದ ಹಿಂದೆ ಬಾಣದ ಮೊನೆಯಂಥ ಒಂದು ಚಿಹ್ನೆ ಸೇರಿಕೊಂಡಿತ್ತು, ಮತ್ತು ಅದನ್ನು ಓದಿದ ಗೆಳೆಯರು ಯಾರೋ ನಡುವೆ ಪತ್ರ ತಿದ್ದಿದ್ದಾರೆಂದು ಗಾಬರಿಯಾಗಿ ಫೋನ್ ಮಾಡಿದ್ದರು. ತಿದ್ದಿದ್ದು ಯಂತ್ರವೇ, ಆ ಸಾಲನ್ನು ಹೊಸ ಪತ್ರದ ಆರಂಭವೆಂದು ತಾನೇ ತಪ್ಪು ತಿಳಿಯಬಾರದೆಂದು ಹಾಗೆ ಗುರುತು ಹಾಕಿತ್ತು.

ಎಲ್ಲ ಪತ್ರಗಳೂ ಒಂದೇ ಕಡತವಾಗಿರುವುದರಿಂದ ಎರಡು ಪ್ರೋಗ್ರಾಮುಗಳು ಒಟ್ಟಿಗೆ ಅದನ್ನು ತಿದ್ದಲು ಹೊರಟರೆ ಪತ್ರಗಳು ಕಲಸಿಹೋಗುತ್ತವೆ. ಅದನ್ನು ತಡೆಯಲು ಬೀಗದ ವ್ಯವಸ್ಥೆ ಇದೆ. ಬೆಳಿಗ್ಗೆ ಲ್ಯಾಬಿನಲ್ಲಿ ಆಲ್ಪೈನ್ ತೆರೆದಿಟ್ಟು, ಅದನ್ನು ಮುಚ್ಚದೆ ಹಾಸ್ಟೆಲ್‌ಗೆ ಹೋಗಿ ಅಲ್ಲಿಂದ ಮತ್ತೆ ಲಾಗಿನ್ ಆಗಿ ಎರಡನೆಯ ಬಾರಿ ಆಲ್ಪೈನ್ ತೆರೆದರೆ, ಎರಡರಲ್ಲಿ ಒಂದು ಓದಲಷ್ಟೇ ಬರುವ ಸ್ಥಿತಿಗೆ ಇಳಿಯುತ್ತದೆ. ಆಗ ಅಳಿಸಿದ್ದು ಅಳಿಯದಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ, ಹಳೆಯದನ್ನು ಮುಚ್ಚಿ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಟಿಮಕ್ಸ್ ಅಥವಾ ಸ್ಕ್ರೀನ್ ಎಂಬ ಪ್ರೋಗ್ರಾಮಿನ ಒಳಗೆ ಆಲ್ಪೈನ್ ನಡೆಸುವುದು. ನಿಮ್ಮ ಕೋಣೆಯಲ್ಲಿ ಕರೆಂಟ್ ಹೋಗಿ ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಅರ್ಧ ಬರೆದ ಸಾಲು ಹಾಗೆಯೇ ಕಾದಿರುತ್ತದೆ. ನಮ್ಮ ಕಾಲದಲ್ಲಿ ಸಂಜೆ ಕರೆಂಟ್ ಹೋದೊಡನೆ ಲ್ಯಾಬಿನಿಂದ ಏಳುತ್ತಿದ್ದ ಉದ್ಗಾರ ಕಾಲೇಜಿನ ಗೇಟಿನ ಎದುರು ಮಂಡಕ್ಕಿ ಮಿರ್ಚಿ ಮಾರುವವರಿಗೂ ಕೇಳಿಸುತ್ತಿತ್ತು.

ಪಕ್ಕದವರು ಓದಬಹುದೇ ಎಂಬುದಕ್ಕೆ ಉತ್ತರ: ಹೊಸ ಪತ್ರಗಳ ಕಡತವನ್ನು ಸಾಮಾನ್ಯವಾಗಿ ಓದಲಾಗದು, ಏಕೆಂದರೆ ಅದಕ್ಕೆ ನಿಮ್ಮ ಹೊರತು ಬೇರೆ ಬಳಕೆದಾರರಿಗೆ ಅನುಮತಿ ಇರುವುದಿಲ್ಲ. ಅಪಾಯ ಇರುವುದು ನೀವು ಅಲ್ಲಿಂದ ತೆಗೆದು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಉಳಿಸಿಕೊಂಡ ಲಗತ್ತುಗಳು, ಕರಡುಗಳು, ಪ್ರತಿಗಳಲ್ಲಿ. ಬಹಳ ವರ್ಷ ಹಲವು ಲಿನಕ್ಸ್ ವಿತರಣೆಗಳಲ್ಲಿ ಹೋಮ್ ಡೈರೆಕ್ಟರಿ ಎಲ್ಲರೂ ಇಣುಕಬಹುದಾದ 755 ಅನುಮತಿಯೊಂದಿಗೇ ಹುಟ್ಟುತ್ತಿತ್ತು. ಉಬುಂಟು ಎಂಬ ವಿತರಣೆ ಅದನ್ನು ಹೊರಗಿನವರಿಗೆ ಮುಚ್ಚಿದ 750ಕ್ಕೆ ಬಿಗಿಗೊಳಿಸಿದ್ದು 2021ರ ಏಪ್ರಿಲ್‌ನ ಆವೃತ್ತಿಯಿಂದ. ಆದ್ದರಿಂದ ಇಂದೇ ಸಿಎಚ್‌ಮಾಡ್ ಆಜ್ಞೆಯಿಂದ ನಿಮ್ಮ ಹೋಮ್ ಡೈರೆಕ್ಟರಿಗೆ ನಿಮಗೊಬ್ಬರಿಗೇ ತೆರೆಯುವ 700 ಅನುಮತಿ ಕೊಡಿ, ಲಾಗಿನ್ ಕಡತದಲ್ಲಿ ಯುಮಾಸ್ಕ್ 077 ಎಂಬ ಸಾಲನ್ನು ಸೇರಿಸಿ. ಮುಂದೆ ನೀವು ಸೃಷ್ಟಿಸುವ ಕಡತಗಳು ಆಗ ನಿಮ್ಮವಾಗಿಯೇ ಉಳಿಯುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಮಟ್ ಅನ್ನು ಆಜ್ಞೆಯ ಸಾಲಿನಿಂದಲೇ ಕರೆದು, ಪತ್ರದ ವಿಷಯವನ್ನೂ ವಿಳಾಸವನ್ನೂ ಅಲ್ಲಿಯೇ ಬರೆದುಬಿಡುವ ಅಭ್ಯಾಸ ಕೆಲವರಿಗಿದೆ. ಸಾಮಾನ್ಯವಾಗಿ ಪಿಎಸ್ ಎಂಬ ಆಜ್ಞೆ ಕೊಟ್ಟ ಯಾರಿಗಾದರೂ ಆ ಕ್ಷಣದಲ್ಲಿ ಓಡುತ್ತಿರುವ ಎಲ್ಲರ ಆಜ್ಞೆಗಳೂ ಪೂರ್ತಿ ಕಾಣುತ್ತವೆ. ‘ಗೈಡ್ ಬದಲಾವಣೆ ಕೋರಿಕೆ’ ಎಂಬ ನಿಮ್ಮ ವಿಷಯಸೂಚಿಯನ್ನು ಪಕ್ಕದ ಟರ್ಮಿನಲ್‌ನಲ್ಲಿ ಕೂತ ಗೈಡ್ ಅವರ ಆಪ್ತ ಶಿಷ್ಯರೇ ಓದಬಹುದು. ವಿಷಯವನ್ನು ಪ್ರೋಗ್ರಾಮಿನ ಒಳಗೆ ಹೋದ ಮೇಲೆಯೇ ಬರೆಯಿರಿ.

ಸರ್ವರ್‌ನ ನಿರ್ವಾಹಕರು, ಅಂದರೆ ರೂಟ್ ಪಾಸ್‌ವರ್ಡ್ ಇರುವವರು, ಬೇಕೆಂದರೆ ಎಲ್ಲವನ್ನೂ ಓದಬಲ್ಲರು. ನಾನೂ ಓದಬಲ್ಲವನಾಗಿದ್ದೆ, ಓದುತ್ತಿರಲಿಲ್ಲ ಎಂಬುದಕ್ಕೆ ನನ್ನ ಮಾತಿನ ಹೊರತು ಯಾರ ಬಳಿಯೂ ಆಧಾರವಿರಲಿಲ್ಲ. ಎಸ್‌ಎಸ್‌ಎಚ್ ಕಾಪಾಡುವುದು ನಿಮ್ಮ ಕೀಬೋರ್ಡಿನಿಂದ ಸರ್ವರ್‌ವರೆಗಿನ ದಾರಿಯನ್ನಷ್ಟೇ, ಅಲ್ಲಿ ತಲುಪಿದ ಮೇಲೆ ಪತ್ರ ಬಿಚ್ಚಿದ ಪತ್ರವೇ. ನಿಜವಾಗಿ ಗುಟ್ಟಾಗಿರಬೇಕಾದ ಪತ್ರವನ್ನು ಜಿಪಿಜಿ ಎಂಬ ಪ್ರೋಗ್ರಾಮಿನಿಂದ ಗೂಢಲಿಪಿಗೆ ಇಳಿಸಿ ಕಳುಹಿಸಬಹುದು, ಮಟ್‌ನಲ್ಲಿ ಅದಕ್ಕೆ ಅನುಕೂಲವಿದೆ. ಆದರೆ ಗೂಢಲಿಪಿ ಬಿಡಿಸುವ ಕೀಲಿಯನ್ನು ಅದೇ ಸರ್ವರ್‌ನಲ್ಲಿ ಇಟ್ಟರೆ ಬೀಗದ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟು ಹೋದಂತೆ.

ಜಾಗದ ವಿಷಯದಲ್ಲಿ ನೀವು ಇತರರಿಗೆ ಮಾಡಬಹುದಾದ ಅನ್ಯಾಯವೂ ಒಂದಿದೆ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ಬೇಸಿಗೆ ರಜೆಗೆ ಹೊನ್ನಾಳಿಗೆ ಹೊರಡುವ ಮುನ್ನ ದಿನಕ್ಕೆ ನೂರಾರು ಪತ್ರ ಕಳುಹಿಸುವ ಮೂರು ಮೇಲಿಂಗ್ ಲಿಸ್ಟ್‌ಗಳಿಗೆ ಹೆಸರು ಕೊಟ್ಟು ಹೋಗಿದ್ದ. ಎಲ್ಲರ ಹೊಸ ಪತ್ರಗಳೂ ಡಿಸ್ಕಿನ ಒಂದೇ ಭಾಗದಲ್ಲಿ ಸೇರುವುದರಿಂದ, ಮೂರನೆಯ ವಾರಕ್ಕೆ ಅವನೊಬ್ಬನ ಕಡತ ಉಬ್ಬಿ ಆ ಭಾಗವನ್ನೆಲ್ಲ ನುಂಗಿತು; ಅಲ್ಲಿಂದ ಮುಂದೆ ಪ್ರಾಂಶುಪಾಲರಿಗೂ ಸೇರಿದಂತೆ ಯಾರಿಗೂ ಒಂದು ಪತ್ರವೂ ಬರಲಿಲ್ಲ. ಹೊರಗಿನ ಊರಿನಿಂದ ಬರಬೇಕಿದ್ದ ಒಬ್ಬ ಪರೀಕ್ಷಕರ ದಿನಾಂಕದ ಪತ್ರ ಹಾಗೆಯೇ ತಪ್ಪಿಹೋಗಿ, ಅವರು ಸ್ಟೇಷನ್ನಿನಲ್ಲಿ ಇಳಿದು ಕಾಯುತ್ತಿದ್ದಾಗ ನಾವು ಇಲ್ಲಿ ಅವರ ಉತ್ತರಕ್ಕಾಗಿ ಕಾಯುತ್ತಿದ್ದೆವು. ಬೈಗುಳ ತಿಂದವನು ನಾನು, ಮತ್ತು ನ್ಯಾಯವಾಗಿಯೇ ತಿಂದೆ, ಏಕೆಂದರೆ ಪ್ರತಿಯೊಬ್ಬರಿಗೂ ಇಷ್ಟೇ ಜಾಗ ಎಂಬ ಮಿತಿಯನ್ನು ನಾನು ಹಾಕಿರಲಿಲ್ಲ. ಆಲ್ಪೈನ್‌ನಲ್ಲಿ ಡಿ ಒತ್ತಿದರೆ ಪತ್ರಕ್ಕೆ ಅಳಿಸುವ ಗುರುತು ಬೀಳುತ್ತದೆಯೇ ಹೊರತು ಪತ್ರ ಹೋಗುವುದಿಲ್ಲ. ಎಕ್ಸ್ ಒತ್ತಿದಾಗ, ಅಥವಾ ಮುಚ್ಚುವಾಗ ಕೇಳುವ ಪ್ರಶ್ನೆಗೆ ಹೌದು ಎಂದಾಗ ಮಾತ್ರ ಜಾಗ ಬಿಡುಗಡೆಯಾಗುತ್ತದೆ. ಎಷ್ಟೋ ಮಂದಿ ಅಲ್ಲಿ ಅಭ್ಯಾಸಬಲದಿಂದ ಇಲ್ಲ ಎಂದು ಒತ್ತಿ, ತಿಂಗಳಾದ ಮೇಲೆ ಡಿಸ್ಕ್ ತುಂಬಿತೆಂದು ದೂರುತ್ತಾರೆ.

ಬೆರಳಿನ ಅಭ್ಯಾಸದಿಂದ ಆಗುವ ಎರಡು ತೊಂದರೆಗಳನ್ನು ನೀವು ಮೊದಲ ವಾರದಲ್ಲೇ ಕಾಣುತ್ತೀರಿ. ಪತ್ರ ಬರೆಯುವಾಗ ಉಳಿಸೋಣವೆಂದು ಕಂಟ್ರೋಲ್ ಎಸ್ ಒತ್ತುತ್ತೀರಿ. ಕೆಲವು ವ್ಯವಸ್ಥೆಗಳಲ್ಲಿ ಪರದೆ ಕಲ್ಲಾಗುತ್ತದೆ. ಯಂತ್ರ ನಿಂತಿರುವುದಿಲ್ಲ, ಟರ್ಮಿನಲ್‌ಗೆ ‘ತಡೆ’ ಎಂಬ ಹಳೆಯ ಸಂಜ್ಞೆ ಹೋಗಿರುತ್ತದೆ ಅಷ್ಟೇ. ಕಂಟ್ರೋಲ್ ಕ್ಯೂ ಒತ್ತಿದರೆ ನೀವು ನಡುವೆ ಗಾಬರಿಯಲ್ಲಿ ಕುಟ್ಟಿದ ಅಕ್ಷರಗಳೆಲ್ಲ ಒಮ್ಮೆಲೇ ಬಂದು ಬೀಳುತ್ತವೆ. ಇನ್ನೊಂದು ಕಂಟ್ರೋಲ್ ಝಡ್. ಮಟ್‌ನಲ್ಲಿಯೂ ಟಿನ್‌ನಲ್ಲಿಯೂ ಅದು ಪ್ರೋಗ್ರಾಮನ್ನು ಮುಚ್ಚುವುದಿಲ್ಲ, ಹಿನ್ನೆಲೆಯಲ್ಲಿ ಮಲಗಿಸುತ್ತದೆ. ಎಫ್‌ಜಿ ಎಂದು ಬರೆದರೆ ಮತ್ತೆ ಏಳುತ್ತದೆ.

ನ್ಯೂಸ್‌ಗ್ರೂಪ್‌ಗೆ ಬರುತ್ತೇನೆ. ಯೂಸ್‌ನೆಟ್ ಎಂಬ ಈ ಜಾಲವನ್ನು 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಯೋಜಿಸಿದರು. ಇದಕ್ಕೆ ಒಡೆಯರಿಲ್ಲ, ಒಂದು ಸರ್ವರ್ ತನ್ನಲ್ಲಿಗೆ ಬಂದ ಬರಹವನ್ನು ಮುಂದಿನದಕ್ಕೆ ದಾಟಿಸುತ್ತಾ ಹೋಗುತ್ತದೆ. ಗೂಗಲ್ ಗ್ರೂಪ್ಸ್ 2024ರ ಫೆಬ್ರವರಿಯಲ್ಲಿ ಯೂಸ್‌ನೆಟ್‌ನ ಹೊಸ ಬರಹಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದಾಗ ಇದು ಸತ್ತೇಹೋಯಿತೆಂದು ಹಲವರು ಬರೆದರು. ಸತ್ತಿಲ್ಲ, ಜನ ಕಡಿಮೆಯಾಗಿದ್ದಾರೆ. ಆ ದಾರಿಯಿಂದ ನುಗ್ಗುತ್ತಿದ್ದ ಕಸವೂ ನಿಂತಿತು. ಎಟರ್ನಲ್ ಸೆಪ್ಟೆಂಬರ್ ಎಂಬ ಉಚಿತ ಸರ್ವರ್‌ನಲ್ಲಿ ನೋಂದಾಯಿಸಿಕೊಂಡರೆ ಪಠ್ಯದ ಗುಂಪುಗಳನ್ನು ಓದಬಹುದು, ಬರೆಯಲೂಬಹುದು. ಕಂಪ್ಯೂಟರ್ ಭಾಷೆಗಳ ಕುರಿತ ಕಾಂಪ್ ಎಂಬ ಕವಲಿನ ಗುಂಪುಗಳಲ್ಲಿ ಇಂದಿಗೂ ಪಳಗಿದ ಕೈಗಳ ಉತ್ತರ ಸಿಗುತ್ತದೆ. ಆಲ್ಪೈನ್‌ನಿಂದಲೇ ನ್ಯೂಸ್‌ಗ್ರೂಪ್ ಓದಲು ಬರುತ್ತದೆಯಾದರೂ ಉದ್ದದ ಚರ್ಚೆಗಳನ್ನು ಹಿಂಬಾಲಿಸಲು ಟಿನ್ ಲೇಸು.

ಟಿನ್ ನೀವು ಓದಿದ್ದರ ಲೆಕ್ಕವನ್ನು ನಿಮ್ಮ ಹೋಮ್ ಡೈರೆಕ್ಟರಿಯ ನ್ಯೂಸ್‌ಆರ್‌ಸಿ ಎಂಬ ಅಡಗಿದ ಕಡತದಲ್ಲಿ ಇಡುತ್ತದೆ. ಒಂದೊಂದು ಸಾಲಿಗೆ ಒಂದೊಂದು ಗುಂಪು. ಹೆಸರಿನ ಮುಂದೆ ಎರಡು ಚುಕ್ಕೆಗಳಿದ್ದರೆ ನೀವು ಅದಕ್ಕೆ ಸೇರಿದ್ದೀರಿ, ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಬಿಟ್ಟಿದ್ದೀರಿ, ಆಮೇಲೆ 1-4520 ಎಂಬಂತೆ ಓದಿ ಮುಗಿಸಿದ ಬರಹಗಳ ಸಂಖ್ಯೆ. ಆ ಸಂಖ್ಯೆಗಳು ಪ್ರತಿ ಸರ್ವರ್‌ನಲ್ಲೂ ಬೇರೆ ಬೇರೆ. ಸರ್ವರ್ ಬದಲಾಯಿಸಿ ಹಳೆಯ ಕಡತವನ್ನೇ ಇಟ್ಟುಕೊಂಡರೆ ಓದದ್ದೆಲ್ಲ ಓದಿದಂತೆ, ಓದಿದ್ದೆಲ್ಲ ಹೊಸದರಂತೆ ಕಾಣುತ್ತದೆ. ಗುಂಪುಗಳ ಹೆಸರನ್ನು ಉಳಿಸಿಕೊಂಡು ಸಂಖ್ಯೆಗಳನ್ನು ಅಳಿಸಿ. ಹಾಗೆಯೇ ಎಫ್ ಮತ್ತು ಆರ್ ಕೀಲಿಗಳನ್ನು ಅದಲುಬದಲು ಮಾಡಬೇಡಿ: ಎಫ್ ಒತ್ತಿ ಬರೆದ ಉತ್ತರ ಇಡೀ ಗುಂಪಿಗೆ ಹೋಗುತ್ತದೆ, ಆರ್ ಒತ್ತಿ ಬರೆದದ್ದು ಬರೆದವರೊಬ್ಬರಿಗೆ. ನಮ್ಮ ಲ್ಯಾಬಿನ ಒಬ್ಬ ಉಪನ್ಯಾಸಕರು ವಿದೇಶದ ಪ್ರಾಧ್ಯಾಪಕರೊಬ್ಬರಿಗೆ ವಿದ್ಯಾರ್ಥಿವೇತನ ಕೋರಿ ಬರೆದ ಖಾಸಗಿ ಬಿನ್ನಹ ಹೀಗೆಯೇ ನೂರಾರು ಜನರ ಮುಂದೆ ಬಿದ್ದಿತ್ತು.

ಕನ್ನಡದಲ್ಲಿ ಬರೆಯಬಹುದೇ ಎಂದು ನೀವು ಕೇಳಿಲ್ಲ, ಆದರೆ ಬರೆದು ನೋಡುತ್ತೀರಿ. ನಿರ್ವಾಹಕರು ಲೊಕೇಲನ್ನು, ಅಂದರೆ ಸರ್ವರ್‌ನ ಭಾಷೆ-ಲಿಪಿಯ ಸೆಟ್ಟಿಂಗನ್ನು, ಎಲ್ಲ ಲಿಪಿಗಳನ್ನೂ ಹಿಡಿಸಿಕೊಳ್ಳುವ ಯುಟಿಎಫ್-8ಕ್ಕೆ ಇಟ್ಟಿದ್ದರೆ ಕನ್ನಡದ ಪತ್ರ ಕೆಡದೆ ಹೋಗುತ್ತದೆ, ಕೆಡದೆ ಬರುತ್ತದೆ. ಪರದೆಯ ಮೇಲೆ ಮಾತ್ರ ಒತ್ತಕ್ಷರಗಳು ಚದುರಿ ಕಾಣಬಹುದು, ಏಕೆಂದರೆ ಟರ್ಮಿನಲ್ ಪ್ರತಿ ಅಕ್ಷರಕ್ಕೂ ಅಳತೆಯ ಚೌಕ ಹಾಕಿಟ್ಟಿರುತ್ತದೆ, ನಮ್ಮ ‘ಸ್ತ್ರೀ’ ಆ ಚೌಕದಲ್ಲಿ ಕೂರುವುದಿಲ್ಲ. ಕಾನ್ಸೋಲ್ ಎಂಬ ಟರ್ಮಿನಲ್‌ನಲ್ಲಿ ಒಮ್ಮೆ ತೆರೆದು ನೋಡಿ, ಅದು ಭಾರತೀಯ ಲಿಪಿಗಳನ್ನು ಉಳಿದ ಹಲವಕ್ಕಿಂತ ಚೆನ್ನಾಗಿ ಜೋಡಿಸುತ್ತದೆ. ವಿಷಯಸೂಚಿಯಲ್ಲಿ ಸಮಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ ಮತ್ತು ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು ಕಂಡರೆ ಅದು ವೈರಸ್ ಅಲ್ಲ. ಕನ್ನಡದ ವಿಷಯಸೂಚಿಯನ್ನು ಸಾಗಣೆಗಾಗಿ ಕಟ್ಟಿದ ಗಂಟು, ನಿಮ್ಮ ಪ್ರೋಗ್ರಾಮು ಅದನ್ನು ಬಿಚ್ಚಿಲ್ಲ. ಮೊದಲ ಕನ್ನಡ ಪತ್ರವನ್ನು ನಿಮ್ಮ ವಿಳಾಸಕ್ಕೇ ಕಳುಹಿಸಿ ನೋಡಿ. ಅದು ಸರಿಯಾಗಿ ತೆರೆದುಕೊಂಡ ಮೇಲೆ ಗೈಡ್ ಅವರಿಗೆ ಬರೆಯಿರಿ.