ಪೇಂಟ್ ಹೊಡೆಸುವ ಮುಂಚೆ ತೇವ ಎಲ್ಲಿಂದ ಅಂತ ನೋಡಿ

ಜಯನಗರದ ಹಳೇ ಫ್ಲ್ಯಾಟು, ಬಚ್ಚಲುಮನೆ ಸೀಲಿಂಗಿನ ಮೂಲೆಯಲ್ಲಿ ಕಪ್ಪು ಬೂಷ್ಟು, ಎರಡು ಸಲ ಪೇಂಟ್ ಹೊಡೆಸಿದರೂ ಮತ್ತೆ ಬಂತು ಅಂದಿದ್ದೀರಿ. ದಯವಿಟ್ಟು ಮೂರನೇ ಸಲ ಹೊಡೆಸಬೇಡಿ.

ಆ ಜಾಗ ಒರೆಸಿ ಒಣಗಿಸಿ, ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಮೇಲಿನಿಂದ ಇಳಿಯುತ್ತಿದೆ. ಹಳೇ ಕಟ್ಟಡಗಳಲ್ಲಿ ಮೇಲಿನ ಮನೆಯ ನಹಾನಿ ಟ್ರ್ಯಾಪ್ (ಬಚ್ಚಲ ನೆಲದಲ್ಲಿ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲು) ಸುತ್ತಲಿನ ಸಿಮೆಂಟ್ ಬಿಟ್ಟುಕೊಂಡಿರುವುದು ಜಾಸ್ತಿ. ಅದನ್ನು ಅವರ ಮನೆಯಲ್ಲೇ ಸರಿಮಾಡಿಸಬೇಕು, ಕೆಳಗಿನಿಂದ ಏನು ಬಳಿದರೂ ನಿಲ್ಲುವುದಿಲ್ಲ. ಹೊರಮೈ ಮಾತ್ರ ಒದ್ದೆಯಾದರೆ ಅದು ಸ್ನಾನದ ಹಬೆ. ಎಕ್ಸಾಸ್ಟ್ ಫ್ಯಾನ್ ಸ್ನಾನ ಆದ ಮೇಲೂ ಅರ್ಧ ಗಂಟೆ ಓಡಲಿ. ನಮ್ಮ ಮನೆಯಲ್ಲಿ ವೆಂಟಿಲೇಟರಿನ ಗಾಜಿನ ಪಟ್ಟಿಗಳು ಹಳೇ ಪೇಂಟ್ ಮೆತ್ತಿಕೊಂಡು ತೆರೆಯುತ್ತಲೇ ಇರಲಿಲ್ಲ. ಬ್ಲೇಡಿನಲ್ಲಿ ಕೆರೆದು ಬಿಡಿಸಿದ ಮೇಲೇ ಗೋಡೆ ಒಣಗಿತು.

ಮಗುವಿಗೆ ಉಬ್ಬಸ ಇದೆ ಅಂದಿದ್ದೀರಿ ಅಲ್ವಾ, ಒಣ ಬೂಷ್ಟನ್ನು ಸುಮ್ನೆ ಕೆರೆಯಬೇಡಿ, ಪುಡಿ ಮನೆಯೆಲ್ಲಾ ಹಾರುತ್ತದೆ. ಸೋಪಿನ ನೀರಲ್ಲಿ ನೆನೆಸಿ, ಮಾಸ್ಕ್ ಹಾಕಿಕೊಂಡು ಒರೆಸಿ. ಬ್ಲೀಚ್ ಬಳಸುವುದಾದರೆ ಅದೇ ಹೊತ್ತಿಗೆ ಆಸಿಡ್ಡಾಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅಷ್ಟು ಚಿಕ್ಕ ಬಚ್ಚಲಲ್ಲಿ ಜೀವಕ್ಕೇ ಅಪಾಯ.