ಬಂಗಾರಪೇಟೆ ತಮ್ಮನಿಗೆ, ಕೌನ್ಸಿಲ್ ಪೈಪ್ ಕೆಲಸದ ಬಗ್ಗೆ

ತಮ್ಮಾ, ನೀನು ಬರೆದದ್ದು ಓದಿದೆ. ಹೆಂಡತಿ ಓದೋಕೆ ಅಂತ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದಿದ್ದಾಳೆ, ನೀನು ಜೊತೆಗೆ ಬಂದು ಮೂರು ವಾರ. ಬಂಗಾರಪೇಟೆ ಸುತ್ತಮುತ್ತ ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡೋ ‘ಮನೆ ಮನೆಗೆ ಗಂಗೆ’ ಕೆಲಸದಲ್ಲಿ ನಾಲ್ಕು ವರ್ಷ ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪೈಪ್ ಜಾಯಿಂಟ್ ಮಾಡಿದ್ದೀಯ. ಕೌನ್ಸಿಲ್ ಕೆಲಸಕ್ಕೆ ಅಪ್ರೂವ್ಡ್ ವೆಲ್ಡರ್ ಆಗಬೇಕಂತಲ್ಲ, ಆ ಅನುಭವ ಲೆಕ್ಕಕ್ಕೆ ಬರುತ್ತಾ ಅಣ್ಣ ಅಂತ ಕೇಳಿದ್ದೀಯ. ನಾನು ಮುಳಬಾಗಿಲು ಕಡೆಯವನು, ಹನ್ನೊಂದು ವರ್ಷದಿಂದ ಇಲ್ಲಿ ಇದೇ ಕೆಲಸ. ನಿನ್ನ ಅನುಭವ ಕೈಗೆ ಬರುತ್ತೆ, ಕಾಗದಕ್ಕೆ ಬರಲ್ಲ.

ಕೌನ್ಸಿಲ್ ಅಂದ್ರೆ ನಮ್ಮ ನಗರಸಭೆ ಅಂದ್ಕೋ. ಬ್ರಿಸ್ಬೇನ್ ಒಳಗೆ ನೀರಿಗೆ ಅರ್ಬನ್ ಯುಟಿಲಿಟೀಸ್ ಅಂತ ಬೇರೆ ಸಂಸ್ಥೆ ಇದೆ, ಹೊರಗಿನ ಊರುಗಳಲ್ಲಿ ಹೆಚ್ಚಾಗಿ ಕೌನ್ಸಿಲ್‌ದೇ ನೀರು. ಸಂಬಳ ಕೊಡೋನು ಕಾಂಟ್ರ್ಯಾಕ್ಟರ್, ಆದ್ರೆ ಪೈಪಿಗೆ ಕೈ ಹಾಕೋನು ಯಾರು ಅಂತ ಒಪ್ಪಬೇಕಾದವರು ಇವರು. ಒಬ್ಬೊಬ್ಬರದು ಒಂದೊಂದು ನಿಯಮ. ಒಮ್ಮೆ ಪಾಸಾದ್ರೆ ಜನ್ಮಪೂರ್ತಿ ನಡೆಯುತ್ತೆ ಅಂದ್ಕೋಬೇಡ, ಮತ್ತೆ ಮತ್ತೆ ಪರೀಕ್ಷೆ ಕೊಡಬೇಕು.

ಮೊದಲು ವೈಟ್ ಕಾರ್ಡ್, ಅಂದ್ರೆ ಕಟ್ಟಡ ಕೆಲಸದ ಸುರಕ್ಷತಾ ತರಬೇತಿ ಕಾರ್ಡ್ ಮಾಡಿಸು, ಅದಿಲ್ಲದೆ ಸೈಟ್ ಒಳಗೇ ಬಿಡಲ್ಲ. ಆ ತರಬೇತಿಗೂ ಯುಎಸ್‌ಐ, ಅಂದ್ರೆ ವಿದ್ಯಾರ್ಥಿ ಗುರುತಿನ ನಂಬರ್ ಬೇಕು, ಅದನ್ನ ಮುಂಚೇನೇ ತಗೋ. ಆಮೇಲೆ ಕೋರ್ಸಿನ ಎರಡು ಯೂನಿಟ್: ಪೈಪ್ ತುದಿಗಳನ್ನ ಬಿಸಿ ಪ್ಲೇಟಿಗೆ ಒತ್ತಿ ಕರಗಿಸಿ ಸೇರಿಸೋ ಬಟ್ ವೆಲ್ಡಿಂಗ್‌ಗೆ ಪಿಎಂಬಿವೆಲ್ಡ್301, ಒಳಗೆ ತಂತಿ ಇರೋ ಕಪ್ಲರ್ (ಜೋಡಿಸೋ ತೋಳು) ಹಾಕಿ ಕರೆಂಟ್‌ನಿಂದ ಕರಗಿಸಿ ಬೆಸೆಯೋ ಎಲೆಕ್ಟ್ರೋಫ್ಯೂಷನ್‌ಗೆ ಪಿಎಂಬಿವೆಲ್ಡ್302. ಕೈಯಿಂದ ದುಡ್ಡು ಕಟ್ಟೋಕೆ ಆತುರ ಬೇಡ. ಮೊದಲು ಪೈಪ್ ಗ್ಯಾಂಗ್‌ನಲ್ಲಿ ಹೆಲ್ಪರ್ ಆಗಿ ಸೇರು. ನನ್ನ ಕೋರ್ಸಿಗೆ ಕಾಂಟ್ರ್ಯಾಕ್ಟರೇ ಕಟ್ಟಿದ. ವೀಸಾದಲ್ಲಿ ಕೆಲಸದ ಗಂಟೆಗೆ ಮಿತಿ ಇದೆಯಾ ಅದನ್ನೂ ನೋಡ್ಕೋ.

ಈಗ ನಾನು ಫೇಲಾದ ಕಥೆ ಕೇಳು. ಎಲೆಕ್ಟ್ರೋಫ್ಯೂಷನ್ ಪರೀಕ್ಷೆ ದಿನ ಊರಿನ ಅಭ್ಯಾಸದಲ್ಲಿ ಹ್ಯಾಕ್ಸಾ ಬ್ಲೇಡ್ ತಗೊಂಡು ಪೈಪ್ ಕೆರೆದೆ, ಒರೆಸಿದೆ, ಕಪ್ಲರ್ ಹಾಕೋ ಮುಂಚೆ ಸರಿಯಾಯ್ತಾ ಅಂತ ಹೆಬ್ಬೆರಳಲ್ಲಿ ಸವರಿ ನೋಡಿದೆ. ಪರೀಕ್ಷಕ ಬಾಯೇ ಬಿಡಲಿಲ್ಲ. ಮಷಿನ್‌ನಲ್ಲಿ ಟೈಮ್ ಸರಿ, ಒಳಗೆ ಕರಗಿದೆ ಅಂತ ತೋರಿಸೋ ಕಪ್ಲರ್ ಮೇಲಿನ ಗುಂಡಿಗಳೂ ಮೇಲೆ ಬಂದವು, ನೋಡೋಕೆ ಏನೂ ತಪ್ಪಿಲ್ಲ. ತಣ್ಣಗಾದ ಮೇಲೆ ಸೀಳಿ, ವೈಸ್‌ಗೆ ಹಾಕಿ ಬಿಡಿಸಿದ. ಬಾಳೆಹಣ್ಣಿನ ಸಿಪ್ಪೆ ಥರ ಬಿಟ್ಕೊಳ್ತು, ಒಳಗೆ ನುಣ್ಣಗೆ, ಹೊಳಪಾಗಿ. ಚೆನ್ನಾಗಿ ಬೆಸೆದಿದ್ರೆ ಪ್ಲಾಸ್ಟಿಕ್ಕೇ ಎಳೆದು ಹರಿದು ಬೆಳ್ಳಗಾಗಿರುತ್ತೆ. ಹೊರಗಿನ ಪದರ ಬಿಸಿಲು ಗಾಳಿಗೆ ಕೆಟ್ಟಿರುತ್ತೆ ಕಣೋ, ಅದು ಪೂರ್ತಿ ಹೋಗದೆ ಕರಗಿಸಿದ್ರೂ ಅಂಟಲ್ಲ. ಪೈಪ್ ಸುತ್ತ ತಿರುಗೋ ಸ್ಕ್ರೇಪರ್‌ನಲ್ಲೇ ಕನಿಷ್ಠ 0.2 ಮಿ.ಮೀ. ತೆಗೀಬೇಕು. ಮೊದಲೇ ಮಾರ್ಕರ್‌ನಲ್ಲಿ ಗೆರೆ ಎಳ್ಕೊಂಡ್ರೆ ಎಲ್ಲಿ ಬಿಟ್ಟೋಯ್ತು ಗೊತ್ತಾಗುತ್ತೆ. ಸ್ಯಾಂಡ್ ಪೇಪರ್ ಬೇಡ. ಒರೆಸೋದು ಐಸೋಪ್ರೊಪೈಲ್ ಆಲ್ಕೋಹಾಲ್ ವೈಪ್‌ನಲ್ಲಿ, ಆಮೇಲೆ ಕೈಬೆರಳು ತಾಗಿದ್ರೆ ಮತ್ತೆ ಒರೆಸು.

ಬಟ್ ವೆಲ್ಡಿಂಗ್ ನಿನಗೆ ಸುಲಭ. ಪ್ಲೇಟ್ ಸುಮಾರು 220 ಡಿಗ್ರಿ, ಅದು ನಿನಗೆ ಗೊತ್ತಿರೋದೇ. ಊರಲ್ಲಿ ಕಣ್ಣಂದಾಜಲ್ಲಿ ಮಾಡ್ತಿದ್ದದ್ದನ್ನ ಇಲ್ಲಿ ಬರೀಬೇಕು: ಪೈಪನ್ನ ಎಳೆಯೋಕೇ ಎಷ್ಟು ಒತ್ತಡ ಹೋಗುತ್ತೆ ಅಂತ ನೋಡಿ, ಅದನ್ನ ವೆಲ್ಡಿಂಗ್ ಒತ್ತಡಕ್ಕೆ ಕೂಡಿಸಿ, ಪ್ರತಿ ಜಾಯಿಂಟಿಗೂ. ಎರಡು ತುದಿ ಗೋಡೆ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಆಚೀಚೆ ಇರಬಾರದು. ಹೊರಗಿನ ಬೀಡ್, ಅಂದ್ರೆ ಜಾಯಿಂಟ್ ಸುತ್ತ ಉಬ್ಬಿ ಬರೋ ಪ್ಲಾಸ್ಟಿಕ್ ಅಂಚು, ಕತ್ತರಿಸಿ ತಿರುಚಿ ನೋಡ್ತಾರೆ; ಅದು ಸೀಳಿದ್ರೆ ಜಾಯಿಂಟೇ ಕತ್ತರಿಸಿ ಹಾಕ್ತಾರೆ. ತಣ್ಣಗಾಗೋ ಮುಂಚೆ ಕ್ಲ್ಯಾಂಪ್ ಬಿಚ್ಚು ಅಂತ ಫೋರ್‌ಮನ್ ಅವಸರ ಮಾಡಿದ್ರೂ ಬಿಚ್ಚಬೇಡ. ವೆಲ್ಡ್ ನಂಬರ್ ಎದುರು ಇರೋದು ನಿನ್ನ ಹೆಸರು, ಅವನದಲ್ಲ.

ಇನ್ನೊಂದು, ಕಪ್ಪು ಪೈಪ್ ಮೇಲೆ ನೀಲಿ ಪಟ್ಟೆ ಇದ್ರೆ ಕುಡಿಯೋ ನೀರು, ನೇರಳೆ ಇದ್ರೆ ಸಂಸ್ಕರಿಸಿದ ಕೊಳಚೆ ನೀರು. ನೇರಳೆ ಮೊದಲ ಸಲ ಕಂಡಾಗ ನಮ್ಮ ಕೋಲಾರದ ಕೆರೆಗಳಿಗೆ ಬರೋ ಕೆ.ಸಿ. ವ್ಯಾಲಿ ನೀರು, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನೆನಪಾಗಿ ನಕ್ಕಿದ್ದೆ. ಎರಡನ್ನೂ ಅದಲುಬದಲು ಮಾಡಿದ್ರೆ ಮಾತ್ರ ಯಾರೂ ನಗಲ್ಲ.

ಊರಿನ ಕಾಂಟ್ರ್ಯಾಕ್ಟರ್ ಹತ್ರ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸ್ಕೋ. ಯಾವ ಸೈಜ್ ಪೈಪ್, ಯಾವ ಒತ್ತಡದ್ದು, ಎಷ್ಟು ವರ್ಷ ಅಂತ ಇರಲಿ. ಅಪ್ರೂವಲ್‌ಗೆ ಅದು ನಡೆಯಲ್ಲ, ಹೆಲ್ಪರ್ ಕೆಲಸ ಕೇಳೋಕೆ ಹೋದಾಗ ಆಗುತ್ತೆ.