ಆ ರೇಡಿಯೊ ಆಫ್ ಮಾಡಿದ್ದರೆ ನನ್ನ ಸಿನಿಮಾ ಉಳಿಯುತ್ತಿತ್ತು

ಕೆಲಸ ಬಿಟ್ಟು ಪೂರ್ತಿ ಡಾಕ್ಯುಮೆಂಟರಿಗೇ ಇಳಿಯಬೇಕು, ಉಳಿಸಿದ ದುಡ್ಡಲ್ಲಿ ಒಳ್ಳೆ ಕ್ಯಾಮೆರಾ ತಗೊಳ್ಳಲಾ, ಫಿಲ್ಮ್ ಸ್ಕೂಲಿಗೆ ಸೇರಲಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳಿದ್ದೆ. ಕೊನೆಗೆ ಕೆಲಸ ಬಿಟ್ಟೆ, ಕ್ಯಾಮೆರಾ ತಗೊಂಡೆ.

ನನ್ನ ಮೊದಲ ಸಿನಿಮಾ ಒಬ್ಬ ಟೈಲರ್ ಅಜ್ಜಿಯದ್ದು. ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು, ಆದರೂ ಹೊಲಿಗೆ ಬಿಟ್ಟಿರಲಿಲ್ಲ. ಸೂಜಿಯ ಕಣ್ಣನ್ನು ನಾಲಿಗೆಯ ತುದಿಯಲ್ಲಿ ಮುಟ್ಟಿ ನೋಡಿ ದಾರ ಪೋಣಿಸುತ್ತಿದ್ದರು. ಮೂರು ವರ್ಷ ಅವರ ಹಿಂದೆ ಓಡಾಡಿದೆ. ಸುಮಾರು 140 ಗಂಟೆ ಶೂಟಿಂಗ್ ಆಗಿತ್ತು. ಅದರಲ್ಲಿ ಇಡೀ ಸಿನಿಮಾವನ್ನು ಹೊತ್ತು ನಿಂತಿದ್ದು ನಾಲ್ಕು ನಿಮಿಷದ ಒಂದು ದೃಶ್ಯ. ಒಂದು ಮಧ್ಯಾಹ್ನ ರೇಡಿಯೊದಲ್ಲಿ ಹಳೆ ಹಾಡು ಬಂತು. ಅಜ್ಜಿ ಮೆಷಿನ್ ನಿಲ್ಲಿಸಿದರು. ಎರಡು ಸಾಲು ಗುನುಗಿದರು. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ತೀರಿಕೊಂಡ ಮಗಳ ಬಗ್ಗೆ ಮಾತಾಡಿದರು.

ಆ ದಿನ ಬೆಳಿಗ್ಗೆಯಿಂದ ರೇಡಿಯೊ ಓಡುತ್ತಲೇ ಇತ್ತು. ನನ್ನ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಆಫ್ ಮಾಡಿದರೆ ಮನೆಯ ವಾತಾವರಣ ಕೆಡುತ್ತೆ ಅಂತ ಬಿಟ್ಟೆ. ಸರಿ, ಬಿಟ್ಟಿದ್ದಕ್ಕೇ ಆ ದೃಶ್ಯ ಸಿಕ್ಕಿತು ಅಂತ ನೀವು ಹೇಳಬಹುದು. ಹಾಗಿದ್ದರೆ ಅವತ್ತು ಸಂಜೆಯೇ ಆ ಹಾಡು ಯಾರದ್ದು ಅಂತ ಬರೆದಿಟ್ಟುಕೊಂಡು, ಮರುದಿನವೇ ಹಕ್ಕಿನ ಬಗ್ಗೆ ವಿಚಾರಿಸಬೇಕಿತ್ತು. ಅದನ್ನೂ ಮಾಡಲಿಲ್ಲ.

ಇಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ಒಂದು ಹಾಡಿಗೆ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗದ್ದು ಒಂದು, ಆ ರೆಕಾರ್ಡಿಂಗಿನದ್ದು ಇನ್ನೊಂದು. ರೇಡಿಯೊ ಹಾಡು ಸಿನಿಮಾದಲ್ಲಿ ಕೇಳಿಸಿದರೆ ಎರಡೂ ಬೇಕು. ಅಜ್ಜಿ ಗುನುಗಿದ ಎರಡು ಸಾಲಿಗೂ ಮೊದಲನೆಯದು ಬೇಕು. ಹಾಡನ್ನು ತೆಗೆದುಹಾಕೋಣ ಅಂದರೆ, ನಾನು ಹಾಕಿದ್ದು ಒಂದೇ ಕಾಲರ್ ಮೈಕ್. ಅವರ ದನಿ ಮತ್ತು ಹಾಡು ಎರಡೂ ಒಂದೇ ಟ್ರ್ಯಾಕಿನಲ್ಲಿ ಕೂತಿದ್ದವು. ಹಾಡನ್ನು ತಗ್ಗಿಸಿದಷ್ಟೂ ಅಜ್ಜಿಯ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಹಿನ್ನೆಲೆಯಲ್ಲಿ ಸುಮ್ನೆ ಕೇಳಿಸಿದರೆ ಪರವಾಗಿಲ್ಲ ಅಂತ ಒಬ್ಬರು ಧೈರ್ಯ ಹೇಳಿದ್ದರು. ಕೆಲವು ದೇಶಗಳ ಕಾನೂನಿನಲ್ಲಿ ಅದಕ್ಕೆ ಜಾಗ ಇದೆ ನಿಜ. ಆದರೆ ನನ್ನ ದೃಶ್ಯ ಆ ಹಾಡಿನ ಮೇಲೇ ನಿಂತಿತ್ತಲ್ವಾ.

ಎಡಿಟಿಂಗ್ ಮುಗಿದ ಮೇಲೆ ಹಕ್ಕಿನವರನ್ನು ಹೋಗಿ ಕೇಳಿದೆ. ಫೆಸ್ಟಿವಲ್‌ಗಳಿಗೆ ಮಾತ್ರ, ಎರಡು ವರ್ಷಕ್ಕೆ ಅಂತ ಕಡಿಮೆ ದುಡ್ಡಿಗೆ ಲೈಸೆನ್ಸ್ ಕೊಟ್ಟರು. ಖುಷಿಯಿಂದ ಸಹಿ ಹಾಕಿದೆ. ಸಿನಿಮಾ ನಾಲ್ಕಾರು ಕಡೆ ಓಡಿತು, ಒಂದು ಚಾನೆಲ್ ಕೊಳ್ಳುತ್ತೇವೆ ಅಂದಿತು. ಅವರು ಮೊದಲು ಕೇಳಿದ್ದೇ ಸಂಗೀತದ ಕ್ಯೂ ಶೀಟ್ (ಯಾವ ಹಾಡು ಎಲ್ಲಿ, ಎಷ್ಟು ಹೊತ್ತು ಬರುತ್ತೆ ಅನ್ನುವ ಪಟ್ಟಿ) ಮತ್ತು ಹಕ್ಕಿನ ಕಾಗದಗಳನ್ನು. ಟಿವಿ ಹಕ್ಕಿಗೆ ರೆಕಾರ್ಡಿಂಗ್ ಕಂಪನಿ ಹೇಳಿದ ಮೊತ್ತ ಇಡೀ ಸಿನಿಮಾದ ಖರ್ಚಿಗಿಂತ ಜಾಸ್ತಿ. ಇನ್ನೊಂದು ಹಕ್ಕಿನವರು ಉತ್ತರವನ್ನೇ ಕೊಡಲಿಲ್ಲ. ದೃಶ್ಯ ತೆಗೆದು ನೋಡಿದೆ. ಹೆಂಗಸೊಬ್ಬರು ಬಟ್ಟೆ ಹೊಲಿಯುವುದಷ್ಟೇ ಉಳಿಯಿತು. ಚಾನೆಲ್ ಒಂದು ತಿಂಗಳು ಕಾದು ಕೈಬಿಟ್ಟಿತು. ಮುಂದೆ ಫೆಸ್ಟಿವಲ್ ಲೈಸೆನ್ಸೂ ಮುಗಿಯಿತು. ಈಗ ಆ ಸಿನಿಮಾವನ್ನು ಎಲ್ಲೂ ತೋರಿಸುವ ಹಾಗಿಲ್ಲ.

ದೊಡ್ಡವರಿಗೂ ಹೀಗಾಗಿದೆ. ಅಮೆರಿಕದ ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ‘ಐಸ್ ಆನ್ ದ ಪ್ರೈಜ್’ ಅಂತ 14 ಕಂತುಗಳ ಸರಣಿ ಇದೆ, ಮೊದಲು ಬಂದಿದ್ದು 1987ರಲ್ಲಿ. ಅದರಲ್ಲಿದ್ದ ಹಳೆ ದೃಶ್ಯ, ಫೋಟೊ, ಹಾಡುಗಳ ಪರವಾನಗಿ 1990ರ ದಶಕದಲ್ಲಿ ಮುಗಿದು ಹೋಯಿತು. ವರ್ಷಗಟ್ಟಲೆ ಟಿವಿಗೆ ಬರಲೇ ಇಲ್ಲ. ಅನುದಾನ ಸಿಕ್ಕಿ, ಹಕ್ಕುಗಳನ್ನೆಲ್ಲ ಮತ್ತೆ ಕೊಂಡು, 2006ರಿಂದ ತಿರುಗಿ ಪ್ರಸಾರ ಆಯಿತು. ಅದನ್ನು ಕಟ್ಟಿದ ಹೆನ್ರಿ ಹ್ಯಾಂಪ್ಟನ್ 1998ರಲ್ಲೇ ತೀರಿಕೊಂಡಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಕ್ಯಾಮೆರಾನೋ ಸ್ಕೂಲೋ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಕ್ಯಾಮೆರಾ ಬಾಡಿಗೆಗೆ ಸಿಗುತ್ತೆ. ದುಡ್ಡಿದ್ದರೆ ಎರಡು ಒಳ್ಳೆ ಮೈಕ್ ತಗೊಳ್ಳಿ. ಹಕ್ಕುಗಳ ವಿಷಯ ತಿಳಿದ ವಕೀಲರ ಹತ್ತಿರ ಒಂದು ಗಂಟೆ ಕೂತು ಬನ್ನಿ, ಶೂಟಿಂಗ್ ಶುರುವಾಗುವ ಮೊದಲೇ. ಯಾರನ್ನು ಚಿತ್ರೀಕರಿಸುತ್ತೀರೋ ಅವರ ಒಪ್ಪಿಗೆ ಪತ್ರಕ್ಕೆ ಮೊದಲ ವಾರವೇ ಸಹಿ ಹಾಕಿಸಿಕೊಳ್ಳಿ. ಸ್ವತಂತ್ರವಾಗಿ ಸಿನಿಮಾ ಮಾಡೋದು ಅಂದರೆ ಯಾರನ್ನೂ ಕೇಳಬೇಕಾಗಿಲ್ಲ ಅಂತ ನಾನು ತಿಳಿದಿದ್ದೆ. ಚಾನೆಲ್‌ಗಾದರೆ ಇದನ್ನೆಲ್ಲ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತೆ. ನಮಗೆ ನಾವೇ.

ಕೆಲಸ ಮಾತ್ರ ಬಿಡಬೇಡಿ. ಒಂದು ಡಾಕ್ಯುಮೆಂಟರಿ ಮೂರು ನಾಲ್ಕು ವರ್ಷ ತಿನ್ನುತ್ತೆ, ದುಡ್ಡು ಬಂದರೆ ಕೊನೆಯಲ್ಲಿ. ನಾನು ಈಗಲೂ ಬೇರೆಯವರ ವಿಡಿಯೊ ಎಡಿಟ್ ಮಾಡಿಯೇ ಬದುಕುತ್ತಿದ್ದೇನೆ, ಎರಡನೇ ಸಿನಿಮಾವೂ ಅದರಲ್ಲೇ ನಡೆಯುತ್ತಿದೆ.

ಅಜ್ಜಿಗೆ ಮಾತ್ರ ಅವರ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದೆ. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಹಾಡು ಬಂದಾಗ “ಸೌಂಡ್ ಸ್ವಲ್ಪ ಜಾಸ್ತಿ ಮಾಡಪ್ಪಾ” ಅಂದರು.

ನೀವು ಯಾರ ಬಗ್ಗೆ ಸಿನಿಮಾ ಮಾಡಬೇಕು ಅಂತಿದ್ದೀರಿ ಅನ್ನೋದನ್ನೇ ಬರೆದಿಲ್ಲ. ಅದನ್ನು ಬರೆಯಿರಿ, ಕ್ಯಾಮೆರಾ ಬಗ್ಗೆ ಆಮೇಲೆ ಮಾತಾಡೋಣ.